ಮೂವತ್ತು ಗುಲಗಂಜಿ ಮದ್ದು

ಕೊಟ್ರಪ್ಪ ಎಂಬ ಶಿಷ್ಯ ಗುರುಗಳನ್ನು ಕೇಳಿದ:

"ಗುರುಗಳೇ, ಒಂದು ದಿನ ಮನೆಯವರ ಮೇಲೆ ಸಿಡುಕುತ್ತೇನೆ, ಮರುದಿನ ಅದಕ್ಕೆ ಸರಿಯಾಗಿ ಅಕ್ಕರೆಯನ್ನೂ ತೋರಿಸುತ್ತೇನೆ. ಒಬ್ಬ ಆಳಿಗೆ ಕೆಲಸ ಹೆಚ್ಚು ಹೇರಿದರೆ ಇನ್ನೊಬ್ಬನಿಗೆ ಹಗುರ ಮಾಡುತ್ತೇನೆ. ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸಿದೆನೆಂದರೆ ಅವನ ಹಿಂದೆ ಬಂದವನಿಗೆ ಎರಡು ಪಾಲು ಕೊಡುತ್ತೇನೆ. ಎಲ್ಲವನ್ನೂ ಕೂಡಿಸಿ ನೋಡಿದರೆ ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ. ಮನುಷ್ಯನಾದವನಿಗೆ ಅಷ್ಟು ಸಾಲದೇ?"

ಗುರುಗಳು ಸಂಸಾರ ಬಿಡುವ ಮೊದಲು ಪೇಟೆಯಲ್ಲಿ ಅಂಗಡಿ ಇಟ್ಟಿದ್ದವರು. ಅವರು "ಕುಳಿತುಕೋ" ಎಂದು ಹೇಳಿ ಈ ಕತೆಯನ್ನು ಹೇಳಿದರು.

ಘಾಟಿಯ ಮೇಲಿನ ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಮೂವತ್ತು ವರ್ಷ ದವಸದ ವ್ಯಾಪಾರ ಮಾಡಿದವನು. ಅವನ ಅಂಗಡಿಯ ಸೇರಿಗೆ ಸುತ್ತಲ ಹಳ್ಳಿಗಳಲ್ಲಿ ಎದುರು ಮಾತೇ ಇರಲಿಲ್ಲ. ರಾಗಿ ಅಳೆಯಲು ಕುಳಿತನೆಂದರೆ ಮೊದಲನೆಯ ಸೇರಿಗೆ 'ಒಂದು' ಎನ್ನುತ್ತಿರಲಿಲ್ಲ, ವಾಡಿಕೆಯಂತೆ 'ಲಾಭ' ಎನ್ನುತ್ತಿದ್ದ. ಆಮೇಲೆ ಎರಡು, ಮೂರು, ನಾಲ್ಕು. ಎಣಿಕೆಗೆ ಒಂದು ರಾಗವಿತ್ತು. ಆ ರಾಗದಲ್ಲಿ ಕೈ ತಾನೇ ತಾನಾಗಿ ಆಡುತ್ತಿತ್ತು. ಒಂದು ಸೇರು ಸ್ವಲ್ಪ ಗೋಪುರವಾದರೆ ಮುಂದಿನದು ಸ್ವಲ್ಪ ತಗ್ಗಾಗುತ್ತಿತ್ತು. ಅದನ್ನು ಅವನು ಲೆಕ್ಕಿಸುತ್ತಿರಲಿಲ್ಲ. ಕೊಂಡವನು ಮೂಟೆಯನ್ನು ಉಣ್ಣುತ್ತಾನೆ, ಸೇರನ್ನು ಉಣ್ಣುವುದಿಲ್ಲ. ಮೂಟೆ ಸರಿಯಾಗಿದ್ದರೆ ವ್ಯಾಪಾರ ಸರಿ.

ಆ ಪೇಟೆಯಲ್ಲಿ ಕಾವಲು ಠಾಣೆಯೊಂದಿತ್ತು. ಕಂದಾಯದ ಪೆಟ್ಟಿಗೆಯನ್ನು ಘಾಟಿ ಇಳಿಸಿ ಒಯ್ಯುವ ಕಾವಲುಗಾರರಿಗೆ ಸರ್ಕಾರ ಆರು ಗುಂಡು ಹಿಡಿಯುವ ಪಿಸ್ತೂಲು ಕೊಟ್ಟಿತ್ತು. ಹೊಸ ತೋಟಾಗಳು ದೂರದಿಂದ ಬರಬೇಕು, ಬಂದರೂ ಸಾಲುತ್ತಿರಲಿಲ್ಲ. ಆದ್ದರಿಂದ ಹಾರಿಸಿ ಉಳಿದ ಹಿತ್ತಾಳೆಯ ಚಿಪ್ಪುಗಳನ್ನು ಆರಿಸಿ ತಂದು, ಪೇಟೆಯಲ್ಲೇ ಮತ್ತೆ ಮದ್ದು ತುಂಬಿಸಿ, ಮೇಲೆ ಸೀಸದ ಗುಂಡು ಕೂರಿಸಿಕೊಂಡು ಹೋಗುವುದು ರೂಢಿಯಾಯಿತು. ಆ ಕೆಲಸ ಮಾಡುತ್ತಿದ್ದ ಮುದುಕ ತೀರಿಕೊಂಡಾಗ ಅವನ ಸಾಮಾನನ್ನೂ ಕೆಲಸವನ್ನೂ ವ್ಯಾಪಾರಿ ಕೊಂಡುಕೊಂಡ. ಅಳೆಯುವ ಕೆಲಸ ತಾನೇ, ರಾಗಿಯಾದರೇನು, ಮದ್ದಾದರೇನು ಎಂಬುದು ಅವನ ವಿಚಾರ.

ಸಾಮಾನಿನಲ್ಲಿ ಮುಖ್ಯವಾದದ್ದು ಮದ್ದಿನ ಅಳತೆ. ಮೇಲೊಂದು ಆಲಿಕೆ, ಅದರ ಕೆಳಗೆ ಸಣ್ಣ ಕತ್ತು, ಕತ್ತಿನ ಕೆಳಗೆ ತಿರುಗುವ ಗುಳಿ, ಪಕ್ಕದಲ್ಲಿ ಹಿಡಿಕೆ. ಹಿಡಿಕೆ ಎತ್ತಿದರೆ ಗುಳಿ ತುಂಬುತ್ತದೆ, ಇಳಿಸಿದರೆ ಆ ಮದ್ದು ಚಿಪ್ಪಿನೊಳಗೆ ಬೀಳುತ್ತದೆ. ಒಂದು ತೋಟಾಗೆ ಮೂರು ಗುಲಗಂಜಿ ತೂಕದ ಮದ್ದು. ಕಡಿಮೆಯಾಗಬಾರದು, ಹೆಚ್ಚಾಗಬಾರದು.

ವ್ಯಾಪಾರಿ ಎಚ್ಚರದ ಮನುಷ್ಯ. ಅಳತೆ ಸರಿಯಿದೆಯೇ ಎಂದು ಪರೀಕ್ಷಿಸದೆ ಕೆಲಸಕ್ಕೆ ಕೂರುವವನಲ್ಲ. ಅಕ್ಕಸಾಲಿಗನ ಬಳಿಗೆ ಹೋಗಿ ಚಿನ್ನ ತೂಗುವ ಹಳೆಯ ತಕ್ಕಡಿಯನ್ನೂ ಒಂದು ಚೀಲ ಗುಲಗಂಜಿಯನ್ನೂ ಕೇಳಿದ.

ಅಕ್ಕಸಾಲಿಗ ನಕ್ಕ. "ಚಿನ್ನದ ತಕ್ಕಡಿಯಲ್ಲಿ ಮಸಿ ತೂಗುತ್ತೀರಾ, ಯಜಮಾನರೇ? ತೂಗಿ, ತೂಗಿ. ಆದರೆ ಒಂದೊಂದೇ ತೂಗಿ."

"ತಿಂಗಳಿಗೆ ಆರುನೂರು ತುಂಬಬೇಕು, ಮಾರಾಯ. ಒಂದೊಂದೇ ತೂಗುತ್ತ ಕೂತರೆ ನನ್ನ ಮೊಮ್ಮಗ ಬಂದು ಮುಗಿಸಬೇಕಾಗುತ್ತದೆ."

ಅವನು ಮಾಡಿದ ಕ್ರಮ ಹೀಗಿತ್ತು. ಬೆಳಗ್ಗೆ ಕೆಲಸಕ್ಕೆ ಮೊದಲು ಹತ್ತು ಅಳತೆ ಮದ್ದನ್ನು ಒಂದೇ ತಟ್ಟೆಗೆ ಇಳಿಸುತ್ತಿದ್ದ. ಲಾಭ, ಎರಡು, ಮೂರು. ಇನ್ನೊಂದು ತಟ್ಟೆಗೆ ಮೂವತ್ತು ಗುಲಗಂಜಿ. ಮುಳ್ಳು ನೆಟ್ಟಗೆ ನಿಲ್ಲುತ್ತಿತ್ತು. ಸಂಜೆ ಕೆಲಸ ಮುಗಿದ ಮೇಲೆ ಮತ್ತೆ ಹತ್ತು, ಮತ್ತೆ ಮೂವತ್ತು, ಮತ್ತೆ ಮುಳ್ಳು ನೆಟ್ಟಗೆ. ಎಂದಾದರೊಮ್ಮೆ ಹತ್ತರ ತೂಕ ಒಂದು ಗುಲಗಂಜಿ ತಗ್ಗಿ ಬಂದರೆ ಬೀಸುವ ಗಾಳಿಯ ಮೇಲೆ ತಪ್ಪು ಹೊರಿಸಿ ಇನ್ನೊಂದು ಹತ್ತು ಇಳಿಸುತ್ತಿದ್ದ. ಆ ಹತ್ತು ಒಂದು ಗುಲಗಂಜಿ ಏರಿ ಬರುತ್ತಿತ್ತು. ಎರಡೂ ಸೇರಿ ಸರಿಹೋಯಿತು ಎಂದು ಸಮಾಧಾನವಾಗುತ್ತಿತ್ತು. ನಡುವೆ ತುಂಬಿದ ತೋಟಾಗಳನ್ನು ಅವನು ತೂಗುತ್ತಿರಲಿಲ್ಲ. ತುಂಬಿದ ಸಾಲಿನಲ್ಲೇ, ಒಂದರ ಪಕ್ಕ ಒಂದರಂತೆ, ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದ.

ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಠಾಣೆಯ ದಫೇದಾರ ತನ್ನ ಪಾಲಿನ ಪೆಟ್ಟಿಗೆಗೆ ಬಂದ. ಅವನು ಮೊದಲಿನಿಂದಲೂ ಅಂಗಡಿಯ ಗಿರಾಕಿ, ಸಲಿಗೆಯವನು.

"ಏನು ಯಜಮಾನರೇ, ರಾಗಿ ಅಳೆದರೆ ಕೊನೆಗೊಂದು ಬೊಗಸೆ ಕೊಸರು ಹಾಕುತ್ತಿದ್ದಿರಿ. ಇದಕ್ಕಿಲ್ಲವೇ?"

"ರಾಗಿ ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ, ದಫೇದಾರರೇ. ಇದು ಹೆಚ್ಚಾದರೆ ಉಬ್ಬಲು ಹೊಟ್ಟೆಯೇ ಉಳಿಯುವುದಿಲ್ಲ."

ಇಬ್ಬರೂ ನಕ್ಕರು. ದಫೇದಾರ ಪೆಟ್ಟಿಗೆ ಹಿಡಿದುಕೊಂಡು ಹೋದ. ಠಾಣೆಯ ಹಿಂದಿನ ಮಣ್ಣುಗೋಡೆಗೆ ಗುರಿ ಕಟ್ಟಿ, ಹೊಸ ಪೆಟ್ಟಿಗೆಯ ಮೊದಲ ಸಾಲಿನಿಂದ ಆರನ್ನು ತೆಗೆದು ಪಿಸ್ತೂಲಿಗೆ ತುಂಬಿದ. ಮೊದಲನೆಯದು ಸದ್ದು ಮಾಡಿತು, ಆದರೆ ಸಣ್ಣ ಸದ್ದು. ಗುರಿ ತಪ್ಪಿತು ಎಂದುಕೊಂಡು ಎರಡನೆಯದನ್ನು ಹಾರಿಸಿದ. ಮೊದಲನೆಯ ಗುಂಡು ಗೋಡೆಗೆ ಹೋಗಿರಲಿಲ್ಲ. ಅದನ್ನು ದೂಡುವಷ್ಟು ಮದ್ದು ಅದರ ಹಿಂದೆ ಇರಲಿಲ್ಲ. ಅದು ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಎರಡನೆಯದು ಅದರ ಬೆನ್ನಿಗೆ ಹೋಗಿ ಬಡಿಯಿತು. ನಳಿಗೆ ಸೀಳಿತು. ದಫೇದಾರನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಹೋದವು.

ಗಾಯ ಮಾಯಲು ಇಪ್ಪತ್ತು ದಿನ ಹಿಡಿಯಿತು. ಮಾಯ್ದ ಮೇಲೆ ದಫೇದಾರ ಪೇಟೆಯ ಹಿರಿಯರ ಮುಂದೆ ದೂರು ಇಟ್ಟ. ಹಿರಿಯರು ಮೂವರು, ಮೂವರೂ ವ್ಯಾಪಾರಿಗಳು. ವ್ಯಾಪಾರಿಯನ್ನು ಕರೆಸಿದರು. ಬೆಲ್ಲದ ಮಂಡಿಯ ಮುದುಕ ಅವರಲ್ಲಿ ದೊಡ್ಡವನು. "ನಿನ್ನ ಅಳತೆ, ನಿನ್ನ ತಕ್ಕಡಿ, ನಿನ್ನ ಮದ್ದು ಎಲ್ಲ ತಂದು ನಮ್ಮ ಕಣ್ಣೆದುರಿಗೆ ಇಳಿಸು" ಎಂದ.

ವ್ಯಾಪಾರಿ ತಂದ. ಗಾಳಿಯಾಡದಂತೆ ಬಾಗಿಲು ಮುಚ್ಚಿಸಿ ಕುಳಿತ. ಆಲಿಕೆ ತುಂಬಿದ. ಹಿಡಿಕೆ ಎತ್ತಿದ, ಇಳಿಸಿದ. ಲಾಭ, ಎರಡು, ಮೂರು, ನಾಲ್ಕು. ಹತ್ತಾಯಿತು. ಮೂವತ್ತು ಗುಲಗಂಜಿ ಎಣಿಸಿ ಇಟ್ಟ. ಮುಳ್ಳು ನೆಟ್ಟಗೆ ನಿಂತಿತು. ಇನ್ನೊಮ್ಮೆ ಮಾಡು ಎಂದರು. ಇನ್ನೊಮ್ಮೆ ಮಾಡಿದ. ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಮೂರನೆಯ ಸಲ ಮುದುಕ ತಾನೇ ಬಂದು ಹಿಡಿಕೆ ತಿರುಗಿಸಿದ. ಆಗಲೂ ಮೂವತ್ತೇ.

"ಇದಕ್ಕಿಂತ ಸರಿಯಾದ ಅಳತೆ ನಮ್ಮ ಮೂವರ ಅಂಗಡಿಯಲ್ಲೂ ಇಲ್ಲ" ಎಂದು ಮುದುಕ ಹೇಳಿದ. "ದಫೇದಾರ, ನಿನ್ನ ಪಿಸ್ತೂಲು ಹಳೆಯದು. ಕಬ್ಬಿಣಕ್ಕೂ ಆಯುಷ್ಯವಿದೆ. ಇವನ ಮೇಲೆ ತಪ್ಪಿಲ್ಲ."

ದಫೇದಾರ ಎದ್ದು ನಿಂತ. ಎಡಗೈಯಿಂದ ಹೆಗಲ ವಸ್ತ್ರ ಸರಿಮಾಡಿಕೊಂಡ. ಹಿರಿಯರ ಕಡೆ ನೋಡಲಿಲ್ಲ. ವ್ಯಾಪಾರಿಯ ಕಡೆ ತಿರುಗಿ, "ಯಜಮಾನರೇ, ನಾನು ಹತ್ತನ್ನು ಒಟ್ಟಿಗೆ ಹಾರಿಸಲಿಲ್ಲ" ಎಂದ. ಅಷ್ಟು ಹೇಳಿ ಹೋದ.

ಸಭೆ ಮುಗಿಯಿತು. ಹಿರಿಯರು ಎಲೆ ಅಡಿಕೆಗೆ ಕೈ ಹಾಕಿದರು. ವ್ಯಾಪಾರಿ ತಕ್ಕಡಿ ಕಟ್ಟಿಕೊಂಡು ಅಂಗಡಿಗೆ ಬಂದ. ದಾರಿಯಲ್ಲಿ ಇಬ್ಬರು ಮೂವರು ನಿಲ್ಲಿಸಿ, ಗೆದ್ದಿರಂತಲ್ಲ ಎಂದರು. ಹೌದು ಎಂದ. ಅಂಗಡಿಯೊಳಗೆ ಬಂದು ಕುಳಿತ. ಗೆದ್ದವನಿಗೆ ಸುಮ್ಮನೆ ಕೂರಲು ಆಗಬೇಕಿತ್ತು, ಆಗಲಿಲ್ಲ. ಮದ್ದಿನ ಅಳತೆಯನ್ನು ಮತ್ತೆ ಎದುರಿಗೆ ಎಳೆದುಕೊಂಡ. ತಟ್ಟೆಗೆ ಒಂದೇ ಒಂದು ಅಳತೆ ಇಳಿಸಿದ. ಎದುರಿಗೆ ಮೂರು ಗುಲಗಂಜಿ ಇಟ್ಟ. ಸರಿಯಿತ್ತು. ಅದನ್ನು ಸುರಿದು ಇನ್ನೊಂದು ಇಳಿಸಿದ. ಸರಿಯಿತ್ತು. ಮೂರನೆಯದು ಸರಿ, ನಾಲ್ಕನೆಯದು ಸರಿ. ಹದಿನೈದರವರೆಗೂ ಸರಿಯಿತ್ತು. ದಫೇದಾರನ ಮಾತು ನೋವಿನಲ್ಲಿ ಆಡಿದ ಮಾತು ಎಂದುಕೊಂಡು ಎದ್ದುಬಿಡಬೇಕೆನ್ನುವಷ್ಟರಲ್ಲಿ ಹದಿನಾರನೆಯದು ಬಿತ್ತು.

ಹದಿನಾರನೆಯದು ಎರಡು ಗುಲಗಂಜಿಯ ಭಾರವೂ ಇರಲಿಲ್ಲ.

ಹದಿನೇಳನೆಯದನ್ನು ಇಳಿಸಿದ. ಅದು ನಾಲ್ಕನ್ನು ದಾಟಿತು.

ಎರಡನ್ನೂ ಕೂಡಿಸಿ ಒಂದೇ ತಟ್ಟೆಗೆ ಹಾಕಿದ. ಆರು ಗುಲಗಂಜಿ. ಮುಳ್ಳು ನೆಟ್ಟಗೆ ನಿಂತಿತು.

ಆಲಿಕೆಯ ಮದ್ದನ್ನೆಲ್ಲ ಬೇರೆ ಪಾತ್ರೆಗೆ ತೆಗೆದು, ಅಳತೆಯ ಕತ್ತನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದ. ದವಸದವನಿಗೆ ತಿಳಿಯದ ವಿದ್ಯೆಯೇನಲ್ಲ. ಕಿರಿದಾದ ಬಾಯಲ್ಲಿ ಕಾಳು ಒಂದಕ್ಕೊಂದು ಒತ್ತಿಕೊಂಡು ಅಡ್ಡ ನಿಲ್ಲುತ್ತದೆ. ಇಲ್ಲಿ ಮದ್ದು ಹಾಗೆ ನಿಲ್ಲುತ್ತಿತ್ತು. ಗುಳಿ ಅರ್ಧ ತುಂಬಿ ತಿರುಗುತ್ತಿತ್ತು, ಉಳಿದದ್ದು ಕತ್ತಿನ ಕೆಳಗೆ ಸಿಕ್ಕಿಕೊಂಡಿದ್ದು ಮುಂದಿನ ಚಿಪ್ಪಿಗೆ ಅದರ ಪಾಲಿನ ಜೊತೆ ಸೇರಿ ಬೀಳುತ್ತಿತ್ತು. ಮದ್ದು ಎಲ್ಲಿಗೂ ಹೋಗುತ್ತಿರಲಿಲ್ಲ. ಹತ್ತರಲ್ಲಿ ಹತ್ತರ ಪಾಲು ಇದ್ದೇ ಇರುತ್ತಿತ್ತು. ಆದ್ದರಿಂದಲೇ ಹತ್ತನ್ನು ತೂಗುವವನಿಗೆ ತಾನು ಸಾಯುವವರೆಗೂ ಅದು ಕಾಣುವಂತಿರಲಿಲ್ಲ. ಮೇಲಾಗಿ, ಕಡಿಮೆಯಾದದ್ದರ ಪಕ್ಕದಲ್ಲೇ ಹೆಚ್ಚಾದದ್ದನ್ನು ಅಚ್ಚುಕಟ್ಟಾಗಿ ಜೋಡಿಸಿ ಇಟ್ಟವನು ತಾನೇ.

ವ್ಯಾಪಾರಿ ತಕ್ಕಡಿಯನ್ನು ಪಕ್ಕಕ್ಕಿಟ್ಟು ಯೋಚಿಸಿದ. ಮರುದಿನ ಬೆಳಗ್ಗೆ ಕಂದಾಯದ ಪೆಟ್ಟಿಗೆ ಘಾಟಿ ಇಳಿಯುವುದಿತ್ತು. ಜೊತೆಗೆ ಹನ್ನೆರಡು ಕಾವಲುಗಾರರು. ಹನ್ನೆರಡು ಜನರ ಹತ್ತಿರವೂ ಐವತ್ತೈವತ್ತು ತೋಟಾ, ಎಲ್ಲ ಅವನ ಕೈಯವೇ. ಇತ್ತ ಸಭೆ ಅವನನ್ನು ಬಿಟ್ಟಿದೆ. ತಪ್ಪಿಲ್ಲವೆಂದು ಮೂವರು ಹಿರಿಯರು ಹೇಳಿದ ಮೇಲೆ, ಅದೇ ದಿನ, ತಾನಾಗಿ ಹೋಗಿ ತಪ್ಪು ನನ್ನದೆನ್ನುವವನನ್ನು ಪೇಟೆಯಲ್ಲಿ ವ್ಯಾಪಾರಿ ಎನ್ನುವುದಿಲ್ಲ, ಹುಚ್ಚ ಎನ್ನುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನಿಗೊಂದು ಉಪಾಯ ಹೊಳೆಯಿತು. ಹೊತ್ತು ಇಳಿಯುವ ಮೊದಲೇ ಠಾಣೆಗೆ ಹೋದ.

ಠಾಣೆಯಲ್ಲಿ ಜಮಾದಾರ ಮುಖ್ಯಸ್ಥ. ಕಾವಲುಗಾರರು ಅಂಗಳದಲ್ಲಿ ಬುತ್ತಿ ಕಟ್ಟುತ್ತಿದ್ದರು.

"ಜಮಾದಾರರೇ, ತೋಟಾದ ಪೆಟ್ಟಿಗೆಗಳನ್ನು ಒಮ್ಮೆ ಕೊಡಿ. ಮುಚ್ಚಳಕ್ಕೆ ಮೇಣ ಹಚ್ಚುವುದು ಮರೆತಿದ್ದೇನೆ. ಘಾಟಿಯ ತೇವ ಹಿಡಿದೀತು" ಎಂದ ವ್ಯಾಪಾರಿ.

"ಈಗೆಲ್ಲಿಯ ಮೇಣ! ಎಲ್ಲರೂ ಸೊಂಟಕ್ಕೆ ಕಟ್ಟಿಯಾಯಿತು. ನಾಲ್ಕು ದಿನದ ಹಾದಿಗೆ ತೇವ ಏನು ಮಾಡೀತು? ಬಂದ ಮೇಲೆ ನಿಮ್ಮ ಮೇಣ, ಅರಿಶಿನ, ಕುಂಕುಮ ಎಲ್ಲ ಹಚ್ಚಿಕೊಳ್ಳಿ ಯಜಮಾನರೇ."

ಸುತ್ತಲಿದ್ದವರು ನಕ್ಕರು. ಒಬ್ಬ ಬುತ್ತಿಯ ಗಂಟು ಬಿಗಿಯುತ್ತಿದ್ದ, ಇನ್ನೊಬ್ಬ ಚಪ್ಪಲಿಯ ಬಾರು ಕಟ್ಟುತ್ತಿದ್ದ. ಎರಡಕ್ಕೂ ಹೆಬ್ಬೆರಳು ಬೇಕು ಎಂಬುದನ್ನು ವ್ಯಾಪಾರಿ ಆವರೆಗೆ ಗಮನಿಸಿರಲಿಲ್ಲ. ಉಪಾಯ ನಡೆಯಲಿಲ್ಲ. ನಡೆಯದ ಸರಕನ್ನು ಹಿಡಿದು ಕೂರುವ ಅಭ್ಯಾಸ ಅವನಿಗಿರಲಿಲ್ಲ. ಉಳಿದದ್ದು ಒಂದೇ ದಾರಿ.

"ಮೇಣದ ಮಾತು ಸುಳ್ಳು, ಜಮಾದಾರರೇ. ತೋಟಾ ಕೆಟ್ಟಿವೆ. ಎಲ್ಲವೂ ಅಲ್ಲ, ಕೆಲವು. ಯಾವುವೆಂದು ನನಗೂ ಗೊತ್ತಿಲ್ಲ."

ನಗು ನಿಂತಿತು. ಜಮಾದಾರ ಹತ್ತಿರ ಬಂದ. "ಮಧ್ಯಾಹ್ನ ತಾನೇ ಮೂರು ಸಲ ತೂಗಿ ಸರಿ ಎಂದು ತೋರಿಸಿದಿರಂತೆ?"

"ಮಧ್ಯಾಹ್ನ ಹತ್ತನ್ನು ತೂಗಿದೆ. ಆಮೇಲೆ ಒಂದನ್ನು ತೂಗಿದೆ."

"ನಮ್ಮ ದಫೇದಾರನ ಕೈ ಹೋಗುವ ಮೊದಲು ಆ ಒಂದನ್ನು ತೂಗಲು ಏನಾಗಿತ್ತು ನಿಮಗೆ?"

ಪ್ರಶ್ನೆ ನ್ಯಾಯದ್ದು. ವ್ಯಾಪಾರಿ ಹೆಗಲ ಮೇಲೆ ತಂದಿದ್ದ ಖಾಲಿ ಚೀಲ ತೆಗೆದ. ಚೀಲದ ಬಾಯಿ ಬಿಚ್ಚಿ ಹಿಡಿದು ನಿಂತ. ಹನ್ನೆರಡು ಜನರೂ ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಗಳನ್ನು ಅದರೊಳಗೆ ಎಸೆದರು. ಒಬ್ಬ ಎಸೆಯುವಾಗ ಉಗುಳಿದ. ಉಗುಳು ಚೀಲದ ಮೇಲೆ ಬಿತ್ತೋ ಕೈಯ ಮೇಲೆ ಬಿತ್ತೋ, ವ್ಯಾಪಾರಿ ಒರೆಸಿಕೊಳ್ಳಲಿಲ್ಲ.

ಕಂದಾಯದ ಪೆಟ್ಟಿಗೆ ಆರು ದಿನ ತಡವಾಗಿ ಹೊರಟಿತು. ಆ ಆರು ದಿನ ವ್ಯಾಪಾರಿ ಅಂಗಡಿಯ ಬಾಗಿಲು ಹಾಕಿಕೊಂಡು ಕುಳಿತ. ಒಂದೊಂದು ತೋಟಾದ ಗುಂಡನ್ನೂ ಕಿತ್ತು, ಅದರ ಮದ್ದನ್ನು ಬೇರೆಯಾಗಿ ತಟ್ಟೆಗೆ ಸುರಿದು, ಮೂರು ಗುಲಗಂಜಿಗೆ ತೂಗಿ, ಮತ್ತೆ ತುಂಬಿದ. ಲಾಭ ಎನ್ನಲಿಲ್ಲ, ಎಣಿಸಲೂ ಇಲ್ಲ. ಎಣಿಕೆಯ ರಾಗ ಬಂದರೆ ಕೈ ಅದರ ಹಿಂದೆ ಹೋಗುತ್ತದೆ ಎಂಬುದು ಈಗ ಅವನಿಗೆ ಗೊತ್ತಾಗಿತ್ತು.

ಪೇಟೆಯ ಹಿರಿಯರಿಗೆ ಸಿಟ್ಟು ಬಂದಿತು. ತಾವು ಕೊಟ್ಟ ತೀರ್ಪನ್ನು ಇವನು ಹೊತ್ತು ಮುಳುಗುವ ಮೊದಲೇ ಮುರಿದನೆಂದು ಬೆಲ್ಲದ ಮಂಡಿಯ ಮುದುಕ ಅವನೊಡನೆ ಮಾತು ಬಿಟ್ಟ. ದವಸದ ಗಿರಾಕಿಗಳಲ್ಲೂ ಕೆಲವರು ಬೇರೆ ಅಂಗಡಿ ಹಿಡಿದರು. ಮದ್ದು ಅಳೆಯಲು ಬಾರದವನು ರಾಗಿ ಹೇಗೆ ಅಳೆದಾನು ಎಂಬುದು ಅವರ ತರ್ಕ. ತರ್ಕ ತಪ್ಪಾದರೂ ಗಿರಾಕಿಯೊಡನೆ ವಾದ ಮಾಡಬಾರದು. ವ್ಯಾಪಾರಿ ಮಾಡಲಿಲ್ಲ.

ಏಳನೆಯ ದಿನ ದಫೇದಾರನ ಮನೆಗೆ ಹೋದ. ಬೆರಳಿಲ್ಲದವನಿಗೆ ಠಾಣೆಯಲ್ಲಿ ಕೆಲಸ ಹೋಗಿತ್ತು. ಜಗಲಿಯ ಮೇಲೆ ಕುಳಿತು ಎಡಗೈಯಲ್ಲಿ ರುಮಾಲು ಸುತ್ತಿಕೊಳ್ಳುವುದನ್ನು ಕಲಿಯುತ್ತಿದ್ದ. ಸುತ್ತು ಮೂರಕ್ಕೆ ಬರುವಷ್ಟರಲ್ಲಿ ಸಡಿಲವಾಗಿ ಕಣ್ಣಿನ ಮೇಲೆ ಜಾರುತ್ತಿತ್ತು. ವ್ಯಾಪಾರಿ ಜಗಲಿಯ ಕೆಳಗೇ ನಿಂತ. ಕುಳಿತುಕೊಳ್ಳಿ ಎಂದು ದಫೇದಾರ ಹೇಳಲಿಲ್ಲ.

"ತಪ್ಪು ನನ್ನದೇ, ದಫೇದಾರರೇ."

"ಸಿಕ್ಕಿತೇ?"

"ಸಿಕ್ಕಿತು. ಜೋಡಿ ಜೋಡಿಯಾಗಿ. ಒಂದು ಕಡಿಮೆ, ಅದರ ಪಕ್ಕದ್ದು ಹೆಚ್ಚು."

"ಎಷ್ಟು ಜೋಡಿ?"

"ಆರುನೂರರಲ್ಲಿ ಒಂಬತ್ತು."

ದಫೇದಾರ ಜಾರಿದ ರುಮಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಹತ್ತನೆಯದು ನನ್ನದು" ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕೊಟ್ರಪ್ಪ ಬುದ್ಧಿವಂತ. ಕತೆ ಯಾರನ್ನು ಕುರಿತದ್ದೆಂದು ಅವನಿಗೆ ತಿಳಿಯಿತು. ಕೈಮುಗಿದು ಹೇಳಿದ: "ಅರ್ಥವಾಯಿತು, ಗುರುಗಳೇ. ನಾಳೆಯಿಂದ ನಾನೂ ಒಟ್ಟು ಕೂಡಿಸುವುದನ್ನು ಬಿಟ್ಟು ಒಂದೊಂದನ್ನೇ ತೂಗುತ್ತೇನೆ."

ಗುರುಗಳು ಹೇಳಿದರು: "ತೂಗುವುದು ನಾಳೆಯಾದರೂ ಆದೀತು, ಬೆರಳು ಕಳೆದುಕೊಂಡವರು ಯಾರು ಯಾರೆಂದು ಇವತ್ತೇ ಹೋಗಿ ಕೇಳಿಕೊಂಡು ಬಾ."